ಸಿಂಹದ ಕೇಸು, ಸಿಂಗಳೀಕದ ಬಾಲ

ಪ್ರಶ್ನೆ: ಸರ್, ನಮ್ಮದು ಕಾರವಾರ. ನಾನು ಮಗಳ ಜೊತೆ ಕೊಂಕಣಿಯಲ್ಲಿ ಮಾತಾಡುತ್ತೇನೆ. ಯಜಮಾನರು ಶಿರಸಿ ಕಡೆಯ ಹವ್ಯಕರು, ಅವರದು ಕನ್ನಡ. ಮಗಳು ಮೂರನೇ ತರಗತಿ. ಕ್ಲಾಸಿನಲ್ಲಿ ನೌಕಾನೆಲೆಯ ಮಕ್ಕಳು ಬಹಳ, ಆಟವೆಲ್ಲ ಹಿಂದಿಯಲ್ಲೇ. ಮೊನ್ನೆ ಕನ್ನಡ ನೋಟ್‌ಬುಕ್ಕಿನಲ್ಲಿ ‘ಸಿಂಹದ ಕುತ್ತಿಗೆಗೆ ದೊಡ್ಡ ಕೇಸು ಇರುತ್ತದೆ’ ಎಂದು ಬರೆದಿದ್ದಳು. ಟೀಚರ್ ಕೆಂಪು ಗೆರೆ ಎಳೆದು ‘ಕೇಸರ’ ಎಂದು ತಿದ್ದಿದ್ದಾರೆ. ಮರುವಾರ ಸಿಂಗಳೀಕದ ಚಿತ್ರ ನೋಡುತ್ತ ಅವಳ ಅಪ್ಪ ‘ಇದಕ್ಕೆ ಸಿಂಹಬಾಲದ ಕೋತಿ ಅಂತಾರೆ’ ಅಂದರೆ, ‘ಹೌದು, ಮುಖದ ಸುತ್ತ ಸಿಂಹದ ಹಾಗೇ ಬಾಲ್ ಇದೆ’ ಅಂದಳು. ಬಾಲ ಅಂದರೆ ಹಿಂದೆ ಇರುವುದು ಎಂದು ಅವರು ಹೇಳಿದ್ದಕ್ಕೆ ಅಳು ಬಂತು. ‘ಹಂಗಾರೆ ಬಾಲ ಅಂದ್ರೆ ಕೂದಲೋ ಬಾಲವೋ?’ ಎಂದು ಕೇಳಿದಳು, ನಮಗೆ ಉತ್ತರ ಗೊತ್ತಾಗಲಿಲ್ಲ. ಅತ್ತೆಯವರು ‘ಮೂರು ಮೂರು ಭಾಷೆ ತುಂಬಿದ್ರೆ ಕೂಸು ತೊದಲ್ತು, ಕನ್ನಡ ಒಂದೇ ಸಾಕು’ ಅನ್ನುತ್ತಾರೆ. ಮೈದುನ ‘ಕನ್ನಡಕ್ಕೆ ಇದಕ್ಕೆಲ್ಲ ಸ್ವಂತ ಪದವೇ ಇಲ್ಲ, ಎಲ್ಲ ಸಂಸ್ಕೃತದ್ದು, ರೋಮಿನ ಸೀಸರ್ ಕೂಡ ನಮ್ಮ ಕೇಸರಿಯೇ’ ಎಂದು ವಾಟ್ಸಾಪಿನಲ್ಲಿ ಬಂದದ್ದನ್ನು ತೋರಿಸುತ್ತಾರೆ. ಯಾವುದು ನಿಜ? ಮಗಳಿಗೆ ಗೊಂದಲವಾಗುತ್ತಿದೆಯೇ? ನಾನು ಕೊಂಕಣಿ ನಿಲ್ಲಿಸಬೇಕೇ?

ಉತ್ತರ: ಕೊಂಕಣಿ ನಿಲ್ಲಿಸಬೇಡಿ. ಮುಂದಿನದನ್ನು ಪುರುಸೊತ್ತಿನಲ್ಲಿ ಓದಿ, ಇದೊಂದನ್ನು ಮಾತ್ರ ಇವತ್ತೇ ತೀರ್ಮಾನ ಮಾಡಿಕೊಳ್ಳಿ.

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಸಿಕ್ಕುಗಟ್ಟಿಕೊಂಡಿವೆ. ಒಂದು ಪದಗಳದ್ದು, ಇನ್ನೊಂದು ಮಗುವಿನದ್ದು. ಪದಗಳ ಸಿಕ್ಕು ಬಿಡಿಸಿದರೆ ಮಗುವಿನ ಬಗ್ಗೆ ಇರುವ ಹೆದರಿಕೆ ಅರ್ಧ ಇಳಿಯುತ್ತದೆ. ಏಕೆಂದರೆ ನಿಮ್ಮ ಮಗಳು ಮಾಡಿದ ಎರಡು ‘ತಪ್ಪು’ಗಳನ್ನೂ ಅವಳಿಗಿಂತ ಮೊದಲು ಭಾಷೆಗಳೇ ಮಾಡಿವೆ.

ಕೇಸು ಮೊದಲು ನೋಡೋಣ. ಕೊಂಕಣಿಯಲ್ಲಿ ಕೂದಲಿಗೆ ಹೇಳುವ ನಿಮ್ಮ ಮನೆಯ ಕೇಸು ಸಂಸ್ಕೃತದ ಕೇಶದಿಂದ ಬಂದದ್ದು. ಮರಾಠಿಯ ಕೇಸ್ ಕೂಡ ಅದೇ. ಕನ್ನಡದಲ್ಲಿ ಕೇಶ ಇದ್ದರೂ ಅದು ಕೇಶತೈಲದ ಬಾಟಲಿಯ ಮೇಲೆ, ಕೇಶವಿನ್ಯಾಸದ ಬೋರ್ಡಿನ ಮೇಲೆ ಇರುವ ಪದ. ಸಾರಿನಲ್ಲಿ ಕೂದಲು ಸಿಕ್ಕಿದಾಗ ಯಾರೂ ಕೇಶ ಅನ್ನುವುದಿಲ್ಲ. ಕೇಸರ ಎನ್ನುವುದು ಕೇಶದ ಪಕ್ಕದಲ್ಲೇ ಇರುವ ಇನ್ನೊಂದು ಸಂಸ್ಕೃತ ಪದ. ಒಂದರಲ್ಲಿ ಶ, ಇನ್ನೊಂದರಲ್ಲಿ ಸ. ಸಿಂಹ, ಕುದುರೆಗಳ ಕುತ್ತಿಗೆಯ ಕೂದಲಿಗೆ ಕೇಸರ ಎಂಬ ಹೆಸರು. ಅದು ಇರುವವನು ಕೇಸರಿ, ಅಂದರೆ ಸಿಂಹ. ಆದರೆ ಸಂಸ್ಕೃತದವರು ಈ ಗಡಿಯನ್ನು ಗಟ್ಟಿಯಾಗಿ ಕಾಯಲಿಲ್ಲ. ಋಗ್ವೇದದಲ್ಲಿ ಇಂದ್ರನ ಕುದುರೆಗಳನ್ನು ‘ಕೇಶಿ’ ಎಂಬ ವಿಶೇಷಣದಿಂದಲೇ ಕರೆದಿದೆ, ಕೂದಲುಳ್ಳವು ಎಂದು. ಅಲ್ಲಿ ಕೂದಲು ಅಂದರೆ ಕುತ್ತಿಗೆಯದ್ದೇ. ಕೃಷ್ಣ ಕೊಂದ ಕುದುರೆ ರೂಪದ ರಾಕ್ಷಸನ ಹೆಸರೂ ಕೇಶಿ. ಹಾಗಾಗಿ ‘ಸಿಂಹದ ಕೇಸು’ ಎಂದು ಬರೆದ ಹುಡುಗಿ ಋಗ್ವೇದದ ಕವಿಗಳ ಸಾಲಿನಲ್ಲೇ ನಿಂತಿದ್ದಾಳೆ.

ಹಾಗಂತ ಟೀಚರ್ ತಿದ್ದಿದ್ದು ತಪ್ಪಲ್ಲ. ಬರೆಯುತ್ತಿದ್ದದ್ದು ಕನ್ನಡ, ಕನ್ನಡದಲ್ಲಿ ಕೇಸು ಕೂದಲಲ್ಲ. ಶಿರಸಿಯ ಅಜ್ಜಿಗೆ ಅದು ಕೆಸುವಿನ ಹಾಗೆ ಕೇಳಿಸುತ್ತದೆ, ಪತ್ರೊಡೆ ನೆನಪಾಗುತ್ತದೆ. ವಕೀಲರಿಗೆ ಕೋರ್ಟು ನೆನಪಾಗುತ್ತದೆ.

ಕೇಸರ ಎನ್ನುವ ಪದವನ್ನು ಮಗಳಿಗೆ ಬಾಯಿಪಾಠ ಮಾಡಿಸಬೇಡಿ, ಕೈಗೆ ಕೊಡಿ. ಸುರಗಿ ಹೂವಿನ ಕಾಲದಲ್ಲಿ, ನಿಮ್ಮ ಕೊಂಕಣಿಯಲ್ಲಿ ಸುರಂಗಿ, ಸಂತೆಯಲ್ಲಿ ಮಾಲೆ ಬರುತ್ತದಲ್ಲ, ಒಂದು ಹೂ ಬಿಡಿಸಿ ಅಂಗೈ ಮೇಲೆ ಇಡಿ. ಬಿಳಿ ಎಸಳು ಸರಿಸಿದರೆ ನಡುವೆ ಹಳದಿ ಎಳೆಗಳು ಒತ್ತೊತ್ತಾಗಿ ನಿಂತಿರುತ್ತವೆ, ತುದಿಯಲ್ಲಿ ಸಣ್ಣ ಪುಡಿ. ಬೆರಳು ಆಡಿಸಿದರೆ ಎಳೆಗೂಸಿನ ತಲೆ ಸವರಿದಂತೆ ಆಗುತ್ತದೆ. ಆ ಎಳೆಗಳಿಗೂ ಕೇಸರ ಎಂದೇ ಹೆಸರು. ಇನ್ನು ಕೆಲವೇ ವರ್ಷಕ್ಕೆ ವಿಜ್ಞಾನದ ಪಾಠದಲ್ಲಿ ಪುಂಕೇಸರ ಎಂದು ಅವಳೇ ಓದುತ್ತಾಳೆ. ಸಿಂಹದ ಕುತ್ತಿಗೆಯಿಂದ ಹೂವಿನ ಒಳಕ್ಕೆ ಬಂದ ಈ ಪದ ಅಲ್ಲಿಂದ ಕಾಶ್ಮೀರದ ಹೂವಿನ ಕೆಂಪು ಎಳೆಗಳಿಗೆ ಹೋಯಿತು. ಒಂದು ಹೂವಿಗೆ ಮೂರೇ ಎಳೆ, ಅದೇ ಅಂಗಡಿಯ ಕೇಸರಿ. ಅದರ ಬಣ್ಣಕ್ಕೆ ಕೇಸರಿ, ಆ ಬಣ್ಣದ ಸಿಹಿಗೆ ಕೇಸರಿಬಾತ್. ಕೇಸರಿ ಬಣ್ಣ ಸಿಂಹದ ಮೈಬಣ್ಣದಿಂದ ಬಂತು ಎಂದು ಹೇಳುವವರಿದ್ದಾರೆ. ಬಣ್ಣಕ್ಕೆ ಹೆಸರು ಕೊಟ್ಟದ್ದು ಹೂವು. ಸಿಂಹಕ್ಕೂ ಹೂವಿಗೂ ನಡುವೆ ಇರುವ ನಂಟು ಕೂದಲಿನಂಥ ಎಳೆಯದ್ದು.

ಈಗ ಅವಳು ಅತ್ತ ಪ್ರಶ್ನೆಗೆ ಬರುತ್ತೇನೆ. ಮಕ್ಕಳಿಂದ ನಾನು ಕೇಳಿಸಿಕೊಂಡ ಪದಪ್ರಶ್ನೆಗಳಲ್ಲಿ ಇಷ್ಟು ಒಳ್ಳೆಯದು ಕಡಿಮೆ. ಬಾಲ ಅಂದರೆ ಕೂದಲೋ ಬಾಲವೋ? ಎರಡೂ. ಸಂಸ್ಕೃತದಲ್ಲಿ ವಾಲ ಎಂಬ ಪದವಿದೆ, ಬಾಲ ಎಂದೂ ಬರೆಯುತ್ತಾರೆ. ಅದರ ಹಳೆಯ ಅರ್ಥ ಪ್ರಾಣಿಯ, ಅದರಲ್ಲೂ ಕುದುರೆಯ, ಬಾಲದ ಕೂದಲು. ಹಿಂದಿಯವರು ಅದರಲ್ಲಿ ಕೂದಲನ್ನು ಉಳಿಸಿಕೊಂಡು ಬಾಲವನ್ನು ಬಿಟ್ಟರು, ಅವರ ಬಾಲ್ ಅಂದರೆ ಕೂದಲು. ಬಾಲಕ್ಕೆ ಅವರಲ್ಲಿ ಪೂಂಛ್ ಇದೆ. ಕನ್ನಡದ ಬಾಲವೂ ಈ ವಾಲದ ಮನೆಯದೇ ಎಂಬುದು ಪದಕೋಶ ಕಟ್ಟುವವರ ಸಾಮಾನ್ಯ ಅಭಿಪ್ರಾಯ. ನಾವು ಬಾಲವನ್ನು ಇಟ್ಟುಕೊಂಡು ಕೂದಲನ್ನು ಬಿಟ್ಟೆವು. ಒಂದೇ ಕುದುರೆಯ ಹಿಂಭಾಗದಿಂದ ಇಬ್ಬರು ಎರಡು ಸಾಮಾನು ಒಯ್ದಂತೆ. ದೂರದ ಲಿಥುವೇನಿಯಾದಲ್ಲೂ ಇದರ ಬಂಧು ಒಂದಿದೆ, ವಾಲಸ್. ಕುದುರೆ ಬಾಲದ ಕೂದಲು ಎಂದು ಅರ್ಥ, ಮೀನು ಹಿಡಿಯುವ ಗಾಳದ ದಾರ ಎಂದೂ ಅರ್ಥ. ನೈಲಾನ್ ಬರುವ ಮೊದಲು ಯುರೋಪಿನಲ್ಲಿ ಗಾಳದ ದಾರವನ್ನು ಕುದುರೆಯ ಕೂದಲಿನಿಂದ ಹೊಸೆಯುತ್ತಿದ್ದರು. ಬೈತಖೋಲ ಬಂದರಿನಲ್ಲಿ ಬಲೆ ರಿಪೇರಿ ಮಾಡುವವರ ಮುಂದೆ ಮಗಳನ್ನು ನಿಲ್ಲಿಸಿ ಈ ಕತೆ ಹೇಳಿ, ಮರೆಯುವುದಿಲ್ಲ.

ಸಿಂಗಳೀಕದ ಮಟ್ಟಿಗೆ ಅವಳಪ್ಪ ಹೇಳಿದ್ದು ಸರಿ. ಕಪ್ಪು ಮುಖದ ಸುತ್ತ ಬೂದುಬಿಳಿ ಕೂದಲು ಸಿಂಹದಂತೆಯೇ ಹರಡಿಕೊಂಡಿದ್ದರೂ ಹೆಸರು ಬಂದದ್ದು ಅದರಿಂದಲ್ಲ, ಬಾಲದ ತುದಿಯ ಕುಚ್ಚಿನಿಂದ. ಸಿಂಹದ ಬಾಲಕ್ಕೂ ಅಂಥದೇ ಕುಚ್ಚು. ಆದರೆ ನಿಮ್ಮ ಮಗಳು ನೋಡಿದ್ದನ್ನೇ ಜರ್ಮನರೂ ನೋಡಿದ್ದಾರೆ. ಅವರು ಅದಕ್ಕೆ ಬಾರ್ಟ್‌ಆಫೆ ಅನ್ನುತ್ತಾರೆ, ಗಡ್ಡದ ಕೋತಿ ಎಂದು. ಕಣ್ಣಿಗೆ ಮೊದಲು ಬಿದ್ದದ್ದು ಮುಖವೋ ಬಾಲವೋ ಎಂಬುದರ ಮೇಲೆ ಹೆಸರು ನಿಂತಿದೆ. ಅಘನಾಶಿನಿ ಕಣಿವೆಯಲ್ಲಿ 2011ರಿಂದ ಈ ಪ್ರಾಣಿಗೆಂದೇ ಸಂರಕ್ಷಿತ ಪ್ರದೇಶವಿದೆ, ನಿಮ್ಮ ಯಜಮಾನರ ಊರಿಗೆ ಹೋಗುವಾಗ ಆ ಕಾಡಿನ ಅಂಚು ಹೆಚ್ಚು ದೂರವಿಲ್ಲ. ಅದೃಷ್ಟವಿದ್ದರೆ ಮರದ ಮೇಲೆ ಬಾಲ ಇಳಿಬಿಟ್ಟು ಕೂತದ್ದನ್ನೇ ಅವಳಿಗೆ ತೋರಿಸಬಹುದು.

ಮೈದುನರ ಮಾತಿಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಇದನ್ನು ನಾನು ತುಂಬ ಕಡೆ ಕೇಳಿದ್ದೇನೆ, ಕೇಳಿದಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ. ಕನ್ನಡಕ್ಕೆ ಕೂದಲಿನ ಪದಗಳಿಗೆ ಬಡತನವಿಲ್ಲ. ಕೂದಲು ಅಚ್ಚ ದ್ರಾವಿಡ. ತಮಿಳಿನಲ್ಲಿ ಅದು ಕೂಂದಲ್. ಅವರ ಪಾಂಬು ನಮ್ಮಲ್ಲಿ ಹಾವಾದಂತೆ, ಮೂನ್ರು ಮೂರಾದಂತೆ, ಕೂಂದಲಿನ ಮೂಗಿನ ದನಿ ಉದುರಿ ಕೂದಲಾಯಿತು. ತಮಿಳು ಕೂಂದಲ್ ಹೆಂಗಸರ ತಲೆಗೂದಲು, ನವಿಲಿನ ಗರಿಗೊಂಚಲು, ಕುದುರೆಯ ಕುತ್ತಿಗೆಗೂದಲು, ಎಲ್ಲಕ್ಕೂ ಒದಗುತ್ತದೆ. ಘಟ್ಟದ ಬೈನೆ ಮರ ಗೊತ್ತಲ್ಲ, ಹೂಗೊಂಚಲು ಬಿಚ್ಚಿದ ಜಡೆಯ ಹಾಗೆ ಮಾರುದ್ದ ಇಳಿಬಿದ್ದಿರುತ್ತದೆ. ತಮಿಳರು ಅದನ್ನು ಕೂಂದಲ್ ಪನೆ ಎಂದೇ ಕರೆಯುತ್ತಾರೆ. ಸಂಸ್ಕೃತದ ಕುಂತಲ, ಮುಂಗುರುಳು ಎಂಬ ಅರ್ಥದ್ದು, ದ್ರಾವಿಡದಿಂದ ಅತ್ತ ಹೋದ ಪದ ಎಂದು ಟಿ. ಬರೋ ಅವರಂಥ ವಿದ್ವಾಂಸರು ವಾದಿಸಿದ್ದಾರೆ. ಇವರೂ ಎಮೆನೋ ಅವರೂ ಸೇರಿ 1961ರಲ್ಲಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶ ಹೊರತಂದವರು. ಅಂದರೆ ಸಾಲ ಒಂದೇ ದಿಕ್ಕಿನಲ್ಲಿ ಹರಿದದ್ದಲ್ಲ.

ಒಂದು ಎಚ್ಚರಿಕೆ. ಕದಂಬರ ಬನವಾಸಿ ಸೀಮೆಗೆ ಕುಂತಲ ದೇಶ ಎಂಬ ಹೆಸರಿತ್ತು. ಅದನ್ನು ಹಿಡಿದು ‘ಕುಂತಲ ಅಂದರೆ ಚೆಲುವಾದ ಕೂದಲಿನವರ ನಾಡು’ ಎಂದು ವಿವರಿಸುವುದುಂಟು. ಶಿರಸಿಯ ಸಭೆಯೊಂದರಲ್ಲಿ ಕೇಳಿ ನಾನೂ ಚಪ್ಪಾಳೆ ತಟ್ಟಿದ್ದೆ. ಕೇಳಲು ಸೊಗಸು, ಆಧಾರ ಸಾಲದು. ಎರಡು ಪದಗಳ ರೂಪ ಒಂದೇ ಇದ್ದ ಮಾತ್ರಕ್ಕೆ ಹುಟ್ಟು ಒಂದೇ ಆಗುವುದಿಲ್ಲ. ಕ್ಷೌರದಂಗಡಿಯ ಚೌರವನ್ನೂ ಮದುಮಗಳ ಜಡೆಗೆ ಕಟ್ಟುವ ಚೌರಿಯನ್ನೂ ನೋಡಿ. ಕೂದಲು ತೆಗೆಯುವುದು ಒಂದು, ಕೂದಲು ಸೇರಿಸುವುದು ಇನ್ನೊಂದು. ಒಂದೇ ಮನೆಯವರಂತೆ ಕಾಣುತ್ತವೆ. ಚೌರ ಬಂದದ್ದು ಕ್ಷುರದಿಂದ, ಅಂದರೆ ಕ್ಷೌರದ ಕತ್ತಿಯಿಂದ. ಚೌರಿ ಬಂದದ್ದು ಚಮರೀ ಮೃಗದಿಂದ, ದೇವರಿಗೆ ಬೀಸುವ ಚಾಮರ ಅದರ ಬಾಲದ ಕೂದಲಿನದು.

ನಮ್ಮವೇ ಆದ ಪದಗಳು ಇನ್ನೂ ಇವೆ. ನವಿರು ಹಳಗನ್ನಡದಲ್ಲಿ ಕೂದಲು. ಇವತ್ತಿಗೂ ನವಿರೇಳಿಸುವ ಕತೆ ಅನ್ನುತ್ತೇವೆ, ಆ ಹೊತ್ತಿಗೆ ಮೈಮೇಲೆ ಏಳುವುದು ಆ ಕೂದಲೇ. ಪ್ರಾಣಿಗಳ ಮೆತ್ತನೆಯ ಕೂದಲಿಗೆ ತುಪ್ಪಳ. ಕೆದರಿ ಇಳಿಬಿದ್ದದ್ದಕ್ಕೆ ಜೂಲು, ಜೂಲುನಾಯಿ ಎನ್ನುವುದಿಲ್ಲವೇ. ತೆಲುಗಿನವರು ಸಿಂಹದ ಕೇಸರಕ್ಕೆ ಇದೇ ಜೂಲು ಎಂಬ ಪದ ಬಳಸುತ್ತಾರೆ. ಮುಡಿ ಅಂದರೆ ಕಟ್ಟು. ಕಟ್ಟಿದ ಕೂದಲೂ ಮುಡಿ, ಹುಲ್ಲಿನ ಹಗ್ಗದಿಂದ ಬಿಗಿದ ಅಕ್ಕಿಯೂ ಮುಡಿ. ಕರಾವಳಿಯ ಹಳೆಯ ಮನೆಗಳ ಅಟ್ಟದಲ್ಲಿ ಅಕ್ಕಿಮುಡಿ ನೋಡಿದವರಿಗೆ ಗೊತ್ತು, ಹಿಂದಿನಿಂದ ನೋಡಿದರೆ ಅಜ್ಜಿಯ ತುರುಬಿನದೇ ಆಕಾರ. ತಮಿಳರು ದಿನದ ಮಾತಿನಲ್ಲಿ ಕೂದಲಿಗೆ ಮುಡಿ ಎಂದೇ ಹೇಳುತ್ತಾರೆ, ಅವರ ಹಳೆಯ ಮಯಿರ್ ಬೈಗುಳವಾಗಿ ಹೋಗಿರುವುದರಿಂದ.

ಸಿಂಹದ, ಕುದುರೆಯ ಕುತ್ತಿಗೆಯ ಕೂದಲಿಗೆಂದೇ ಮೀಸಲಾದ ಅಚ್ಚಗನ್ನಡ ಪದ ಮಾತಿನಲ್ಲಿ ಉಳಿದಿಲ್ಲ ಎನ್ನುವುದು ನಿಜ. ಅದಕ್ಕೆ ಕಾರಣ ನಮ್ಮ ಕಾಡು, ನಮ್ಮ ಬಂದರು. ಘಟ್ಟದಲ್ಲಿ ಹುಲಿ ಇದೆ, ಸಿಂಹವಿಲ್ಲ. ಕುದುರೆ ಗದ್ದೆಯ ಪ್ರಾಣಿಯಲ್ಲ. ವಿಜಯನಗರದ ಕಾಲದಲ್ಲಿ ಅರಬರ ಹಡಗಿನಲ್ಲಿ ಭಟ್ಕಳಕ್ಕೆ ಬಂದಿಳಿದು ಘಟ್ಟ ಹತ್ತಿ ಹೋಗುತ್ತಿದ್ದ ಪ್ರಾಣಿ. ದಿನವೂ ಮೈ ತಿಕ್ಕದ ಪ್ರಾಣಿಯ ಅಂಗಾಂಗಕ್ಕೆ ಜನ ಹೆಸರು ಹುಟ್ಟಿಸುವುದಿಲ್ಲ, ತಂದವರ ಹೆಸರನ್ನೇ ಇಟ್ಟುಕೊಳ್ಳುತ್ತಾರೆ. ಜೀನು, ಲಗಾಮು ಪಾರಸಿಯವು. ಪಾರಸಿಯ ಯಾಲ್, ತುರ್ಕಿಯ ಯೆಲೆ, ಹಿಂದಿಯ ಅಯಾಲ್, ಮರಾಠಿಯ ಆಯಾಳ, ಎಲ್ಲವೂ ಒಂದೇ ಲಾಯದವು, ಎಲ್ಲಕ್ಕೂ ಅರ್ಥ ಕುದುರೆಯ ಕುತ್ತಿಗೆಗೂದಲು. ಕನ್ನಡದಲ್ಲೂ ಅಯಾಲು ಎನ್ನುವವರಿದ್ದಾರೆ. ಅದೇ ಹಸುವಿನ ಕೋಡು ಯಾವ ಯಾವ ರೀತಿ ಬಾಗಿದೆ, ಅಡಿಕೆ ಯಾವ ಹದದಲ್ಲಿದೆ ಎಂದು ಕೇಳಿ; ನಿಮ್ಮ ಅತ್ತೆಯವರೇ ಒಂದು ಪುಟ ತುಂಬ ಪದ ಕೊಡುತ್ತಾರೆ.

ಪದವಿಲ್ಲದಿದ್ದರೆ ಜಗತ್ತಿನ ಭಾಷೆಗಳು ಏನು ಮಾಡುತ್ತವೆ? ಇದ್ದ ಪದಕ್ಕೆ ಇನ್ನೊಂದನ್ನು ಕಟ್ಟಿಕೊಳ್ಳುತ್ತವೆ. ತಮಿಳಿನಲ್ಲಿ ಪಿಡರಿ ಮಯಿರ್, ಹೆಡತಲೆಯ ಕೂದಲು. ಜಪಾನಿಯಲ್ಲಿ ತಾತೆಗಾಮಿ, ನಿಂತ ಕೂದಲು. ಇಂಗ್ಲಿಷಿನವರ ಮೇನ್ ಕೂಡ ಮೂಲದಲ್ಲಿ ಕುತ್ತಿಗೆಯ ಪದ, ಸಂಸ್ಕೃತದ ಮನ್ಯಾದ ದೂರದ ದಾಯಾದಿ. ಶಿರಸಿಯ ವೈದ್ಯರು ಕುತ್ತಿಗೆ ಹಿಡಿದುಕೊಂಡದ್ದಕ್ಕೆ ಮನ್ಯಾಸ್ತಂಭ ಅನ್ನುತ್ತಾರಲ್ಲ, ಅದೇ ಮನ್ಯಾ. ನಿಮ್ಮ ಪಕ್ಕದ ಗೋವೆಯನ್ನು 1510ರಿಂದ 1961ರವರೆಗೆ ಆಳಿದ ಪೋರ್ಚುಗೀಸರಲ್ಲಿ ತಲೆಗೂದಲಿಗೆ ಕಬೇಲು, ಕುದುರೆಯದಕ್ಕೆ ಕ್ರೀನ, ಸಿಂಹದ್ದಕ್ಕೆ ಝೂಬ, ಹೀಗೆ ಬೇರೆ ಬೇರೆ. ಒಂದು ಭಾಷೆ ಒಂದೇ ಪದದಲ್ಲಿ ಸಾಗಿಸುತ್ತದೆ, ಇನ್ನೊಂದು ಮೂರು ಮಾಡುತ್ತದೆ. ಆದ್ದರಿಂದ ನಿಮ್ಮ ಮಗಳು ಇನ್ನೊಮ್ಮೆ ‘ಸಿಂಹದ ಕುತ್ತಿಗೆಗೂದಲು’ ಎಂದು ಬರೆದರೆ ಅದು ಶುದ್ಧ ಕನ್ನಡವೇ. ಟೀಚರ್ ಅದನ್ನೂ ಒಪ್ಪಬೇಕು ಎಂದು ನಾನು ಹೇಳುತ್ತೇನೆ.

ಸೀಸರ್ ವಿಚಾರ ಬೇಗ ಮುಗಿಸುತ್ತೇನೆ. ಲ್ಯಾಟಿನ್ನಿನಲ್ಲಿ ಕೇಸರೀಯೆಸ್ ಎಂಬ ಪದವಿದೆ, ದಟ್ಟ ತಲೆಗೂದಲು ಎಂದು ಅರ್ಥ. ಅದಕ್ಕೂ ಸಂಸ್ಕೃತದ ಕೇಸರಕ್ಕೂ ನಂಟಿರಬಹುದು ಎಂದು ಕೆಲವು ಭಾಷಾಶಾಸ್ತ್ರಜ್ಞರು ಹೋಲಿಸಿದ್ದುಂಟು, ಎಲ್ಲರೂ ಒಪ್ಪಿಲ್ಲ. ಒಪ್ಪಿದರೂ ಅದು ಅಕ್ಕತಂಗಿಯರ ನಂಟು. ಇಲ್ಲಿಂದ ರೋಮಿಗೆ ಪದ ಹೋಯಿತು ಎಂದಾಗುವುದಿಲ್ಲ. ಸೀಸರ್ ಮನೆತನದ ಹೆಸರಿಗೆ ರೋಮನರೇ ನಾಲ್ಕು ಕತೆ ಹೇಳುತ್ತಿದ್ದರು: ಹುಟ್ಟುವಾಗಲೇ ದಟ್ಟ ಕೂದಲಿತ್ತು, ಹೊಟ್ಟೆ ಸೀಳಿ ತೆಗೆದರು, ಕಣ್ಣು ಬೂದುಬಣ್ಣದ್ದು, ಆನೆ ಕೊಂದವನ ವಂಶ ಎಂದು. ಯಾವುದೂ ರುಜುವಾತಾಗಿಲ್ಲ. ಜೂಲಿಯಸ್ ಸೀಸರನಿಗೆ ತಲೆ ಬೋಳಾಗಿತ್ತು, ಅದಕ್ಕೇ ಎಲೆಗಳ ಕಿರೀಟ ಅವನಿಗೆ ಬಲು ಇಷ್ಟವಾಗಿತ್ತು ಎಂದು ರೋಮನ್ ಚರಿತ್ರಕಾರ ಸ್ವೆಟೋನಿಯಸ್ ಬರೆದಿದ್ದಾನೆ.

ಇನ್ನು ಮಗು. ಪದ ಸಂಗ್ರಹಕ್ಕೆಂದು ನಾನು ಅಂಕೋಲೆಯಿಂದ ಭಟ್ಕಳದವರೆಗೆ ವರ್ಷಗಟ್ಟಲೆ ತಿರುಗಿದ್ದೇನೆ. ಮನೆಯಲ್ಲಿ ಒಂದು, ಅಂಗಳದಲ್ಲಿ ಒಂದು, ಪೇಟೆಯಲ್ಲಿ ಒಂದು ಭಾಷೆ ಎನ್ನುವುದು ಈ ಕರಾವಳಿಯಲ್ಲಿ ಹೊಸತಲ್ಲ. ಮೂರು ಭಾಷೆ ಕಲಿತದ್ದರಿಂದ ತೊದಲು ಬರುವುದಿಲ್ಲ. ತೊದಲು ಸಾಮಾನ್ಯವಾಗಿ ಶುರುವಾಗುವುದು ಎರಡರಿಂದ ಐದು ವರ್ಷದೊಳಗೆ. ಮನೆತನದಲ್ಲಿ ಇದ್ದರೆ ಬರುವ ಸಾಧ್ಯತೆ ಹೆಚ್ಚು. ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ಅತ್ತೆಯವರ ಕಾಳಜಿ ಪ್ರೀತಿಯದ್ದು, ಅವರನ್ನು ಎದುರಿಸಬೇಡಿ, ಇದನ್ನೇ ಓದಿ ಹೇಳಿ. ಪದ ಬೆರೆಸುವುದು ಗೊಂದಲದ ಗುರುತೂ ಅಲ್ಲ. ಒಂದು ಭಾಷೆಯಲ್ಲಿ ಪದ ಕೈಗೆ ಸಿಗದಾಗ ಮಗು ಪಕ್ಕದ ಡಬ್ಬಿಯಿಂದ ತೆಗೆದುಕೊಳ್ಳುತ್ತದೆ. ನಿಮ್ಮ ಮಗಳು ಕೇಸು ಎಂಬುದನ್ನು ಸರಿಯಾಗಿ ಕನ್ನಡ ವಾಕ್ಯದ ಜಾಗದಲ್ಲಿ, ಕನ್ನಡದ ವ್ಯಾಕರಣದಲ್ಲೇ ಕೂರಿಸಿದ್ದಾಳೆ. ವ್ಯಾಕರಣ ಗಟ್ಟಿ ಇದೆ, ಕೊರತೆ ಒಂದು ಪದದ್ದು.

ನಿಮ್ಮ ಮುಂದೆ ಇರುವ ದಾರಿಗಳು ನನಗೆ ಹೀಗೆ ಕಾಣುತ್ತವೆ. ಕನ್ನಡ ಒಂದನ್ನೇ ಇಟ್ಟುಕೊಂಡರೆ ಮುಂದಿನ ಪರೀಕ್ಷೆಯಲ್ಲಿ ಒಂದೆರಡು ಅಂಕ ಹೆಚ್ಚು ಬರಬಹುದು. ಆದರೆ ತಾಯಿ ಎದೆಗೆ ಹತ್ತಿರದ ಭಾಷೆ ಬಿಟ್ಟು ಅಳೆದು ತೂಗಿ ಮಾತಾಡತೊಡಗಿದರೆ ಮನೆಯಲ್ಲಿ ಮಾತೇ ಕಡಿಮೆಯಾಗುತ್ತದೆ, ನಾನು ಕಂಡ ಮನೆಗಳಲ್ಲಿ ಆದದ್ದು ಇದೇ. ಹತ್ತು ವರ್ಷದ ಮೇಲೆ ಕೊಂಕಣಿ ಬೇಕೆಂದರೆ ಮಗಳ ಬಾಯಲ್ಲಿ ಅದು ತಿರುಗುವುದಿಲ್ಲ. ಎರಡನೆಯದು, ಅಮ್ಮ ಕೊಂಕಣಿ, ಅಪ್ಪ ಕನ್ನಡ ಎಂದು ಹಂಚಿಕೊಳ್ಳುವುದು. ಈಗ ನೀವು ಮಾಡುತ್ತಿರುವುದು ಇದನ್ನೇ, ಒಳ್ಳೆಯದೇ. ಅಪಾಯ ಬರುವುದು ಅದನ್ನು ಪೊಲೀಸಿನಂತೆ ಕಾಯ್ದಾಗ. ‘ನನ್ನ ಹತ್ತಿರ ಕನ್ನಡ ಬೇಡ’ ಎಂದು ಗದರಿದರೆ ಮಗು ಎರಡೂ ಕಡೆ ಬಾಯಿ ಮುಚ್ಚುತ್ತದೆ. ಮೂರನೆಯದು, ಏನೂ ಮಾಡದೆ ಬಿಡುವುದು. ಮಾತು ಕಲಿಯುತ್ತದೆ, ಬರಹದ ಪದಗಳು ಬರುವುದಿಲ್ಲ. ಹಲವು ಭಾಷೆಯ ಮಕ್ಕಳಿಗೆ ಒಂದೊಂದು ಭಾಷೆಯಲ್ಲಿ ಪದಗಳು ತುಸು ಕಡಿಮೆ ಇರುವುದು ಸಹಜ, ಎಲ್ಲ ಕೂಡಿಸಿದರೆ ಕಡಿಮೆಯಲ್ಲ. ಆದರೆ ಪರೀಕ್ಷೆಯ ಕಾಗದ ಕೂಡಿಸಿ ನೋಡುವುದಿಲ್ಲ.

ನನ್ನ ಸಲಹೆ ಎರಡನೆಯದೇ, ಒಂದು ಸೇರ್ಪಡೆಯೊಂದಿಗೆ. ಕನ್ನಡ ಪುಸ್ತಕ ಓದಿ ಹೇಳುವ ಕೆಲಸ ಅಪ್ಪನಿಗೆ ಇರಲಿ, ದಿನಕ್ಕೆ ಕಾಲುಗಂಟೆ. ರಜೆಯಲ್ಲಿ ಶಿರಸಿಯ ಅಜ್ಜಿಯೊಂದಿಗೆ ಬಿಡಿ, ಕತೆಗೆ ಅವರಿಗಿಂತ ಒಳ್ಳೆಯ ಮೇಷ್ಟ್ರಿಲ್ಲ. ಅವಳು ಕೇಸು ಎಂದಾಗ ತಪ್ಪು ಎನ್ನಬೇಡಿ. ‘ಹೌದು, ಅಜ್ಜಿ ಅದಕ್ಕೆ ಕೂದಲು ಅಂತಾರೆ, ಸಿಂಹದ್ದಾದರೆ ಕೇಸರ’ ಎಂದು ಪಕ್ಕದಲ್ಲಿ ಇನ್ನೊಂದನ್ನು ಇಡಿ. ಟೀಚರಿಗೆ ಮನೆಯ ಭಾಷೆಗಳ ಬಗ್ಗೆ ಒಂದು ಮಾತು ಹೇಳಿ ಬನ್ನಿ, ದೂರಿನ ದನಿ ಬೇಡ. ಮಾತಿನಲ್ಲಿ ತಡವರಿಕೆ ನಿಜವಾಗಿ ಕಂಡರೆ, ಅಕ್ಷರಕ್ಕೆ ಸಿಕ್ಕಿಹಾಕಿಕೊಂಡು ಮುಖ ಬಿಗಿದುಕೊಳ್ಳುವುದು ಆರು ತಿಂಗಳಾದರೂ ಹೋಗದಿದ್ದರೆ, ಅಥವಾ ಮೂರೂ ಭಾಷೆಗಳಲ್ಲಿ ಒಟ್ಟಿಗೆ ಹಿಂದೆ ಬಿದ್ದರೆ, ವಾಕ್ ತಜ್ಞರನ್ನು ನೋಡಬೇಕು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ನಿಮ್ಮ ಪತ್ರದಲ್ಲಿ ಅಂಥ ಗುರುತು ಒಂದೂ ಇಲ್ಲ.

ಇವತ್ತು ರಾತ್ರಿ ಜಡೆ ಬಿಚ್ಚಿ ತಲೆ ಬಾಚುವಾಗ ಅವಳ ಪ್ರಶ್ನೆಗೆ ಉತ್ತರ ಕೊಡಿ. ಅವಳು ಹಿಂದಿಯ ಬಾಲ್ ಅಂದದ್ದೂ ಸರಿ, ಅಪ್ಪ ಬಾಲ ಅಂದದ್ದೂ ಸರಿ, ಎರಡೂ ಒಂದೇ ಕುದುರೆಯ ಹಿಂದಿನಿಂದ ಬಂದವು ಎಂದು ಕೊಂಕಣಿಯಲ್ಲೇ ಹೇಳಿ.